ಕೊವೆಂಟ್ರಿ ಮ್ಯೂಸಿಯಮ್ಮಿನಲ್ಲಿ ಕಾರು ಬಿಟ್ಟು ಬಿಡಿಭಾಗ ನೋಡಿದೆ

ಇಂಗ್ಲೆಂಡಿಗೆ ಎಂಜಿನಿಯರಿಂಗ್ ಓದಲು ಬಂದ ನನ್ನ ಗೆಳೆಯ ಗೆಳತಿಯರ ಫೋನುಗಳಲ್ಲಿ ಕೊವೆಂಟ್ರಿಯದೊಂದು ಫೋಟೊ ಇದ್ದೇ ಇರುತ್ತದೆ. ಕಪ್ಪಗೆ ಉದ್ದಕ್ಕೆ ಮಲಗಿದ ಜೆಟ್ ಕಾರು, ಅದರ ಮುಂದೆ ಹೆಬ್ಬೆರಳೆತ್ತಿ ನಿಂತವರು. ನನ್ನ ಬಳಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಊರಿನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಮ್ಮಿನಲ್ಲಿ ನನ್ನ ದಿನದ ಬಹುಪಾಲು ಕಳೆದದ್ದು ಸೈಕಲ್ಲಿನ ಕಡ್ಡಿ, ಚೈನು, ಡಿಫರೆನ್ಷಿಯಲ್ (ಎರಡು ಗಾಲಿಗಳಿಗೆ ಬಲ ಹಂಚುವ ಹಲ್ಲುಚಕ್ರದ ಜೋಡಣೆ), ಟ್ರ್ಯಾಕ್ಟರಿನ ಲಿಫ್ಟು ಇಂಥವುಗಳ ಮುಂದೆ. ಬರೀ ಕಾರುಗಳನ್ನು ನೋಡುತ್ತ ಹೋದರೆ ಮಾಡೆಲ್ಲಿನ ಹೆಸರು, ಇಸವಿ ಇಷ್ಟೇ ತಲೆಯಲ್ಲಿ ಉಳಿಯುವುದು, ಅದೂ ವಾಪಸ್ ರೈಲು ಹತ್ತುವ ತನಕ. ಒಂದು ಬಿಡಿಭಾಗ ಹಿಡಿದು ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಊರಿನ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಮುಂದಿನ ಸೆಪ್ಟೆಂಬರಿಗೆ ಇಲ್ಲಿಗೆ ಬರುವವರಿಗೆ ಉಪಯೋಗವಾದೀತೆಂದು ನಾನು ನೋಡಿದ ಬಗೆಯನ್ನು ಬರೆದಿಡುತ್ತಿದ್ದೇನೆ.

ನಾನಿರುವುದು ಬರ್ಮಿಂಗ್‌ಹ್ಯಾಮಿನಲ್ಲಿ. ನ್ಯೂ ಸ್ಟ್ರೀಟ್ ನಿಲ್ದಾಣದಿಂದ ಕೊವೆಂಟ್ರಿಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ವಿದ್ಯಾರ್ಥಿಗಳು ರೈಲ್‌ಕಾರ್ಡ್ ಮಾಡಿಸಿಕೊಂಡಿದ್ದರೆ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿತಾಯ. ವಾರದ ದಿನಗಳಲ್ಲಿ ಬೆಳಗಿನ ನೂಕುನುಗ್ಗಲಿನ ಹೊತ್ತು ಬಿಟ್ಟು ಹೊರಟರೆ ಇನ್ನೂ ಅಗ್ಗ. ಒಂದೇ ಕಂಪನಿಯ ರೈಲಿಗೆ ಮಾತ್ರ ನಡೆಯುವ ಟಿಕೆಟ್ ಕೊಂಡರೆ ದುಡ್ಡು ಮತ್ತಷ್ಟು ಉಳಿಯುತ್ತದೆ, ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೇ. ದೂರದ ಊರುಗಳಿಂದ ಕೋಚ್ ಬಸ್ಸಿನಲ್ಲಿ ಬರುವವರಿಗೆ ಒಂದು ಅನುಕೂಲವಿದೆ: ಪೂಲ್ ಮೆಡೋ ಬಸ್ ನಿಲ್ದಾಣ ಇರುವುದು ಮ್ಯೂಸಿಯಮ್ಮಿನ ಮಗ್ಗುಲಲ್ಲೇ. ಆದರೂ ನನ್ನನ್ನು ಕೇಳಿದರೆ ರೈಲಿನಲ್ಲೇ ಬಂದು ಊರೊಳಗೆ ನಡೆದು ಹೋಗಿ ಎನ್ನುತ್ತೇನೆ. ನಿಲ್ದಾಣದಿಂದ ಮ್ಯೂಸಿಯಮ್ಮಿಗೆ ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು, ನೋಡಬೇಕಾದ್ದರಲ್ಲಿ ಅರ್ಧ ಆ ದಾರಿಯಲ್ಲೇ ಸಿಗುತ್ತದೆ.

ನಿಲ್ದಾಣದ ಎದುರಿಗೇ ರಿಂಗ್ ರೋಡ್. 1974ರಲ್ಲಿ ಪೂರ್ತಿಯಾದ, ಊರಿನ ನಡುಭಾಗಕ್ಕೆ ಕಾಂಕ್ರೀಟಿನ ಉಡಿದಾರ ಕಟ್ಟಿದಂತಿರುವ ರಸ್ತೆ. ಕಾರು ಕಟ್ಟಿ ಬದುಕಿದ ಊರು ಕಾರಿಗೆ ಎಷ್ಟು ಜಾಗ ಬಿಟ್ಟುಕೊಟ್ಟಿತ್ತು ಎಂದು ತಿಳಿಯಲು ಅದೊಂದು ಸಾಕು. ಅದನ್ನು ದಾಟಿದರೆ ಗ್ರೇಫ್ರಯರ್ಸ್ ಗ್ರೀನ್ ಎಂಬ ಹುಲ್ಲುಹಾಸು. ಅಲ್ಲೊಂದು ಕಲ್ಲಿನ ಸ್ಮಾರಕವಿದೆ, ಜೇಮ್ಸ್ ಸ್ಟಾರ್ಲಿಯದು. ಫೋನ್ ನೋಡುತ್ತ ನಡೆದರೆ ಕಣ್ಣಿಗೆ ಬೀಳುವುದಿಲ್ಲ. ರಾಜನಲ್ಲ, ಸೇನಾಧಿಪತಿಯಲ್ಲ, ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. 1881ರಲ್ಲಿ ತೀರಿಕೊಂಡ, 1884ಕ್ಕೆ ಊರಿನವರು ಸ್ಮಾರಕ ನಿಲ್ಲಿಸಿದರು. ಮೆಕ್ಯಾನಿಕ್ಕಿಗೆ ಸ್ಮಾರಕ ಕಟ್ಟುವ ಊರು ಎಂಬುದೇ ನನಗೆ ಇಷ್ಟವಾಯಿತು. ಮ್ಯೂಸಿಯಮ್ಮಿನೊಳಗೆ ಹೋದ ಮೇಲೆ ಇವನೇ ಮತ್ತೆ ಮತ್ತೆ ಎದುರಾಗುವುದರಿಂದ ಮೊದಲೇ ಮುಖ ಪರಿಚಯ ಮಾಡಿಕೊಂಡಿರುವುದು ಒಳ್ಳೆಯದು.

ಅಲ್ಲಿಂದ ಅಂಗಡಿ ಬೀದಿಗಳ ಮೂಲಕ ಬ್ರಾಡ್‌ಗೇಟ್ ಚೌಕಕ್ಕೆ ಬಂದರೆ ಕುದುರೆಯ ಮೇಲೆ ಕೂತ ಲೇಡಿ ಗೊಡೈವಾಳ ಪ್ರತಿಮೆ. ಪ್ರಜೆಗಳ ತೆರಿಗೆ ಇಳಿಸಲೆಂದು ಗಂಡನ ಸವಾಲಿಗೆ ಒಪ್ಪಿ ಬೆತ್ತಲೆಯಾಗಿ ಊರಿಡೀ ಕುದುರೆಯ ಮೇಲೆ ಹೋದಳೆಂಬುದು ಐತಿಹ್ಯ. ಅಲ್ಲಿ ಹೆಚ್ಚು ನಿಲ್ಲಬೇಕಿಲ್ಲ. ನಿಲ್ಲಬೇಕಾದ್ದು ಅದರಾಚೆಯ ಕೆಥೆಡ್ರಲ್ಲಿನಲ್ಲಿ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬೆಳಗಾಗುವವರೆಗೆ ಈ ಊರಿನ ಮೇಲೆ ಬಾಂಬು ಸುರಿದವು. 500ಕ್ಕೂ ಹೆಚ್ಚು ಜನ ಸತ್ತರು. ಸೇಂಟ್ ಮೈಕೇಲ್ ಕೆಥೆಡ್ರಲ್ಲಿನ ಹೊರಗೋಡೆ ಮತ್ತು ಗೋಪುರ ಉಳಿದವು, ಛಾವಣಿ ಪೂರ್ತಿ ಹೋಯಿತು. ಈಗಲೂ ಅದನ್ನು ಹಾಗೇ ಬಿಟ್ಟಿದ್ದಾರೆ. ಅದಕ್ಕೆ ತಾಗಿದಂತೆ ಬೇಸಿಲ್ ಸ್ಪೆನ್ಸ್ ವಿನ್ಯಾಸದ ಹೊಸ ಕೆಥೆಡ್ರಲ್ 1962ರಲ್ಲಿ ಎದ್ದಿತು. ಹಳೆಯದರಲ್ಲಿ ಆಕಾಶವೇ ಸೂರು, ಹೊಸದರಲ್ಲಿ ಕಣ್ಣು ಕುಕ್ಕುವ ಬಣ್ಣದ ಗಾಜು. ಎರಡರ ನಡುವೆ ನಾಲ್ಕು ಹೆಜ್ಜೆ.

ಮೋಟಾರ್ ನೋಡಲು ಬಂದವರಿಗೆ ಚರ್ಚು ಯಾಕೆ ಎನ್ನಬಹುದು. ಬಾಂಬು ಬಿದ್ದದ್ದೇ ಮೋಟಾರಿನಿಂದ. ಕಾರು, ಬೈಕು ಮಾಡುತ್ತಿದ್ದ ಕಾರ್ಖಾನೆಗಳೆಲ್ಲ ಯುದ್ಧಕಾಲದಲ್ಲಿ ವಿಮಾನದ ಎಂಜಿನ್, ಸೇನೆಯ ವಾಹನಗಳನ್ನು ಮಾಡುತ್ತಿದ್ದವು, ಅವು ಊರಿನ ಮನೆಗಳ ನಡುವೆಯೇ ಇದ್ದವು. ಕಾರ್ಖಾನೆಗೆ ಗುರಿಯಿಟ್ಟರೆ ಓಣಿಗೂ ಬೀಳುತ್ತದೆ. ಈ ಪಾಳು ಗೋಡೆಗಳನ್ನು ನೋಡಿ ಆಮೇಲೆ ಮ್ಯೂಸಿಯಮ್ಮಿನ ಯುದ್ಧಕಾಲದ ಭಾಗಕ್ಕೆ ಹೋಗಿ. ಹಿಂದುಮುಂದಾದರೆ ಅಲ್ಲಿನದೆಲ್ಲ ಬರೀ ಪ್ರದರ್ಶನದಂತೆ ಕಾಣುತ್ತದೆ.

ಟ್ರಿನಿಟಿ ಸ್ಟ್ರೀಟ್ ಇಳಿದರೆ ಮಿಲೇನಿಯಂ ಪ್ಲೇಸ್. ರೆಕ್ಕೆಯ ಆಕಾರದ ಜೋಡಿ ಕಮಾನುಗಳು ಮೇಲಿನಿಂದ ಹಾದು ಹೋಗುತ್ತವೆ. ಜೆಟ್ ಎಂಜಿನ್ನಿಗೆ 1930ರಲ್ಲೇ ಪೇಟೆಂಟ್ ಅರ್ಜಿ ಹಾಕಿದ ಫ್ರ್ಯಾಂಕ್ ವಿಟಲ್ ಹುಟ್ಟಿದ್ದು ಇದೇ ಊರಿನಲ್ಲಿ, 1907ರಲ್ಲಿ. ಕಮಾನು ಅವನ ಹೆಸರಿನದು, ಕೆಳಗೆ ಅವನ ಪ್ರತಿಮೆಯೂ ಇದೆ. ಎದುರಿಗೆ ಮ್ಯೂಸಿಯಂ. ಟಿಕೆಟ್ ದರ, ರಜಾ ದಿನ ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಅವರ ಜಾಲತಾಣ ನೋಡಿಕೊಳ್ಳಿ. ವಿದ್ಯಾರ್ಥಿ ಕಾರ್ಡು ಕಿಸೆಯಲ್ಲಿರಲಿ.

ಒಳಗೆ ನೂರಾರು ವಾಹನಗಳಿವೆ. ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಬೆಂಚು ಹುಡುಕುತ್ತಾರೆ. ನಾನು ಮನೆಯಲ್ಲೇ ನೋಟ್‌ಬುಕ್ಕಿನ ಒಂದೊಂದು ಪುಟಕ್ಕೆ ಒಂದೊಂದು ಹೆಸರು ಬರೆದುಕೊಂಡು ಹೋಗಿದ್ದೆ: ಕಡ್ಡಿ, ಚೈನು, ಡಿಫರೆನ್ಷಿಯಲ್, ತ್ರೀ ಪಾಯಿಂಟ್ ಲಿಂಕೇಜ್ (ಟ್ರ್ಯಾಕ್ಟರಿಗೆ ನೇಗಿಲು ಕಟ್ಟುವ ಮೂರು ಕೊಂಡಿ), ಚಕ್ರ. ಸಿಕ್ಕಿದಲ್ಲಿ ನಿಂತು ಪೆನ್ಸಿಲಿನಲ್ಲಿ ಬಿಡಿಸಿಕೊಂಡೆ. ಫೋಟೊ ತೆಗೆದರೆ ನೋಡಿದಂತಾಗುವುದಿಲ್ಲ. ಬಿಡಿಸಲು ಹೋದಾಗಲೇ ಈ ಕೊಂಡಿ ಯಾವುದಕ್ಕೆ ತಗಲಿಕೊಂಡಿದೆ ಎಂಬ ಪ್ರಶ್ನೆ ಹುಟ್ಟುವುದು. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ, ನನ್ನವು ಯಾರಿಗೂ ತೋರಿಸುವ ಹಾಗಿಲ್ಲ.

ಕಥೆ ಶುರುವಾಗುವುದು ರಿಬ್ಬನ್ನಿನಿಂದ. 19ನೇ ಶತಮಾನದ ನಡುವಿನವರೆಗೆ ಕೊವೆಂಟ್ರಿಯೆಂದರೆ ರೇಷ್ಮೆ ರಿಬ್ಬನ್ ನೇಯುವ ಮತ್ತು ಗಡಿಯಾರ ಮಾಡುವ ಊರು. 1860ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ವ್ಯಾಪಾರ ಒಪ್ಪಂದವಾಗಿ ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ಹೋಯಿತು. ನೇಕಾರರ ಕೆಲಸವೂ ಹೋಯಿತು. ಗಡಿಯಾರದವರನ್ನು ಮುಂದೆ ಸ್ವಿಸ್, ಅಮೆರಿಕನ್ ಗಡಿಯಾರಗಳು ಹಣ್ಣು ಮಾಡಿದವು. ಕೆಲಸವಿಲ್ಲದ, ಆದರೆ ಸಣ್ಣ ಹಲ್ಲುಚಕ್ರ ಕೊರೆಯಬಲ್ಲ ಕೈಗಳು ಊರ ತುಂಬ. ಅಲ್ಲಿ ಹೊಲಿಗೆ ಯಂತ್ರದ ಕಂಪನಿ ಬಂತು, ಸ್ಟಾರ್ಲಿ ಅದರ ಮುಖ್ಯ ಮೆಕ್ಯಾನಿಕ್. 1868ರಲ್ಲಿ ರೌಲಿ ಟರ್ನರ್ ಎಂಬವನು ಪ್ಯಾರಿಸ್ಸಿನಿಂದ ವೆಲಾಸಿಪೀಡ್ ಎಂಬ ಹಳೆಯ ಬಗೆಯ ಸೈಕಲ್ಲೊಂದನ್ನು ತಂದು, ಇಂಥದ್ದನ್ನು ನೀವು ಮಾಡಬಲ್ಲಿರಾ ಎಂದು ಕೇಳಿದ. ಮಾಡಿದರು. ಹೆಸರಿನಲ್ಲಿದ್ದ ಹೊಲಿಗೆಯನ್ನು ಕಂಪನಿ ಬೇಗನೇ ಕೈಬಿಟ್ಟಿತು.

ಮೊದಲ ಪುಟ ಕಡ್ಡಿಯದು. ದೊಡ್ಡ ಮುಂಗಾಲಿಯ ಹಳೆಯ ಸೈಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಬಂಡಿಯ ಚಕ್ರದಲ್ಲಿ ಭಾರ ಹೊರುವುದು ಕೆಳಗಿನ ಕಡ್ಡಿ, ಅದು ಒತ್ತಡದಲ್ಲಿ ನಿಲ್ಲುತ್ತದೆ. ಸೈಕಲ್ ಚಕ್ರದಲ್ಲಿ ತಂತಿಯಷ್ಟು ತೆಳುವಾದ ಕಡ್ಡಿಗಳು ಎಳೆದು ಬಿಗಿದಿರುವುದರಿಂದಲೇ ಗಟ್ಟಿ. ಕಡ್ಡಿ ನೆಟ್ಟಗೆ ಚಕ್ರದ ನಡುವಿನ ಗುಂಬದಿಂದ, ಎಂದರೆ ಹಬ್ಬಿನಿಂದ, ಹೊರಟರೆ ಪೆಡಲ್ ತುಳಿದಾಗ ಹಬ್ಬು ತಿರುಚಿಕೊಂಡು, ಕಡ್ಡಿ ಬಾಗುತ್ತದೆ. ಹಬ್ಬಿನ ಅಂಚಿಗೆ ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ ಕಟ್ಟಿದರೆ ತಿರುಚುವ ಬಲವನ್ನೂ ಕಡ್ಡಿ ಎಳೆತವಾಗಿಯೇ ತೆಗೆದುಕೊಳ್ಳುತ್ತದೆ. ಈ ಓರೆ ಕಡ್ಡಿಗೆ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ನಮ್ಮೂರ ಸೈಕಲ್ ಶಾಪಿನಲ್ಲಿ ಇವತ್ತಿಗೂ ಬೆಂಡು ತೆಗೆಯುವುದು ಇದೇ ಕಡ್ಡಿಗಳ ನಿಪ್ಪಲ್ ತಿರುಗಿಸಿಯೇ.

ಎರಡನೆಯದು ಚೈನು. ದೊಡ್ಡ ಗಾಲಿಯ ಸೈಕಲ್ಲಿನಲ್ಲಿ ಪೆಡಲು ಗಾಲಿಯ ಅಚ್ಚಿಗೇ ಇರುತ್ತದೆ. ಒಂದು ತುಳಿತಕ್ಕೆ ಗಾಲಿ ಒಂದೇ ಸುತ್ತು. 50 ಇಂಚಿನ ಗಾಲಿಯಾದರೆ ಸುಮಾರು 4 ಮೀಟರ್. ಇನ್ನೂ ವೇಗ ಬೇಕೆಂದರೆ ಗಾಲಿ ಇನ್ನೂ ದೊಡ್ಡದಾಗಬೇಕು, ಆದರೆ ಕಾಲು ಉದ್ದವಾಗುವುದಿಲ್ಲವಲ್ಲ. ಅಷ್ಟೆತ್ತರದಿಂದ ಮುಗ್ಗರಿಸಿದರೆ ತಲೆಯೇ ಮೊದಲು ನೆಲಕ್ಕೆ. ಸ್ಟಾರ್ಲಿಯ ಅಣ್ಣತಮ್ಮಂದಿರ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಂದ ರೋವರ್ ಸೈಕಲ್ಲಿನಲ್ಲಿ ಪೆಡಲು ನಡುವೆ ಬಂತು, ಅಲ್ಲಿಂದ ಚೈನು ಹಿಂಗಾಲಿಗೆ ಹೋಯಿತು. ಮುಂದಿನ ಹಲ್ಲುಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ವೇಗ ನಿರ್ಧಾರವಾಗುವುದು ಇವೆರಡರ ಹಲ್ಲುಗಳ ಲೆಕ್ಕದಲ್ಲಿ. ಗಾಲಿ ಎಷ್ಟಿದ್ದರೂ ನಡೆಯುತ್ತದೆ ಎಂದಾದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಇಳಿದವು, ಕಾಲು ನೆಲಕ್ಕೆ ಎಟುಕಿತು, ಹೆಂಗಸರೂ ಮುದುಕರೂ ಹತ್ತಿದರು. ಇಡೀ ಮ್ಯೂಸಿಯಮ್ಮಿನಲ್ಲಿ ಪ್ರಪಂಚವನ್ನು ಬದಲಿಸಿದ್ದು ಯಾವುದು ತೋರಿಸು ಎಂದರೆ ನಾನು ಯಾವ ಜಾಗ್ವಾರನ್ನೂ ತೋರಿಸುವುದಿಲ್ಲ, ಈ ಸೈಕಲ್ಲನ್ನೇ ತೋರಿಸುತ್ತೇನೆ. ರೋವರ್ ಎಂಬ ಕಾರಿನ ಹೆಸರೂ ಇಲ್ಲಿಂದಲೇ ಬಂದದ್ದು.

ಮೂರನೇ ಪುಟದಲ್ಲಿ ನಾನು ಹೆಚ್ಚು ಹೊತ್ತು ನಿಂತೆ, ಯಾಕೆಂದರೆ ಡಿಫರೆನ್ಷಿಯಲ್ ಪಾಠವನ್ನು ಬಿ.ಇ.ಯಲ್ಲಿ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟೇ ಓದಿದ್ದವಳು ನಾನು. ಜೇಮ್ಸ್ ಸ್ಟಾರ್ಲಿ ಮಗನ ಜೊತೆ ಅಕ್ಕಪಕ್ಕ ಕೂತು ತುಳಿಯುವ ಮೂರು ಗಾಲಿಯ ಸೈಕಲ್ ಓಡಿಸುತ್ತಿದ್ದನಂತೆ. ಮಗನ ಕಾಲು ಬಲಿಷ್ಠ, ಅಪ್ಪನದು ಅಲ್ಲ. ಗಾಡಿ ಒಂದು ಕಡೆಗೆ ಎಳೆದುಕೊಂಡು ಹೋಗಿ ರಸ್ತೆ ಬದಿಗೆ ನುಗ್ಗಿತು ಎಂಬುದು ಊರಲ್ಲಿ ಹೇಳುವ ಕಥೆ. ಇಬ್ಬರ ಬಲವೂ ಒಂದೇ ಕಡೆ ಸೇರಿ ಎರಡೂ ಗಾಲಿಗೆ ಸಮನಾಗಿ ಹಂಚಿಕೆಯಾಗಬೇಕು, ಆದರೆ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಲು ಬಿಡುವೂ ಇರಬೇಕು. 1877ರಲ್ಲಿ ಅವನು ಮಾಡಿದ ಹಲ್ಲುಚಕ್ರದ ಜೋಡಣೆ ಅದನ್ನೇ ಮಾಡಿತು. ಇದಕ್ಕೆ ಮೊದಲೇ ಫ್ರಾನ್ಸಿನಲ್ಲಿ ಪೆಕ್ಯೂರ್ ಎಂಬವನು ಉಗಿ ಗಾಡಿಗೆಂದು ಇದನ್ನು ಕಂಡುಹಿಡಿದಿದ್ದ, ಆದ್ದರಿಂದ ಜಗತ್ತಿನ ಮೊದಲ ಡಿಫರೆನ್ಷಿಯಲ್ ಕೊವೆಂಟ್ರಿಯದೆಂದರೆ ತಪ್ಪಾಗುತ್ತದೆ. ಆದರೆ ರಸ್ತೆಯ ಮೇಲೆ ಸಾಮಾನ್ಯ ಜನ ಕೊಂಡು ಓಡಿಸಿದ ಗಾಡಿಗೆ ಅದನ್ನು ತಂದದ್ದು ಇವನೇ. ವಿಕ್ಟೋರಿಯಾ ರಾಣಿ ಇಂಥ ಟ್ರೈಸಿಕಲ್ಲುಗಳನ್ನು ತರಿಸಿಕೊಂಡ ಮೇಲೆ ಅದರ ಹೆಸರು ರಾಯಲ್ ಸಾಲ್ವೊ ಎಂದಾಯಿತು.

ಇಲ್ಲಿಗೆ ಬಂದ ಮೇಲೆ ಕಾರಿನಲ್ಲಿ ಬಾಕಿ ಉಳಿದದ್ದು ಎಂಜಿನ್ ಒಂದೇ ಎಂದು ನನಗೆ ಹೊಳೆಯಿತು. ಹಗುರ ಚಕ್ರ, ಚೈನು, ಬಾಲ್ ಬೇರಿಂಗು, ಕೊಳವೆಯ ಚೌಕಟ್ಟು, ಡಿಫರೆನ್ಷಿಯಲ್ ಎಲ್ಲವೂ ಸೈಕಲ್ ಕಾರ್ಖಾನೆಗಳಲ್ಲಿ ಆಗಲೇ ತಯಾರಾಗುತ್ತಿದ್ದವು. 1896ರಲ್ಲಿ ಹ್ಯಾರಿ ಲಾಸನ್ ಎಂಬ ಸೈಕಲ್ ವ್ಯಾಪಾರಿ ಪಾಳುಬಿದ್ದ ಹತ್ತಿ ಗಿರಣಿಯೊಂದರಲ್ಲಿ ಡೈಮ್ಲರ್ ಹೆಸರಿನ ಕಾರು ಕಾರ್ಖಾನೆ ತೆರೆದ. ಅದಕ್ಕೆ ಮೊದಲು ಬ್ರಿಟನ್ನಿನಲ್ಲಿ ಎಂಜಿನ್ ಗಾಡಿಗಳಿಗೆ ಗಂಟೆಗೆ 4 ಮೈಲಿಯ ಮಿತಿ, ಊರೊಳಗೆ 2 ಮೈಲಿ. 1865ರ ಕಾನೂನಿನ ಪ್ರಕಾರ ಮುಂದೊಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಮಿತಿಯನ್ನು 14 ಮೈಲಿಗೆ ಏರಿಸಿದ ಹೊಸ ಕಾನೂನು ಜಾರಿಗೆ ಬಂದದ್ದು 1896ರ ನವೆಂಬರ್ 14ಕ್ಕೆ. ಕೆಥೆಡ್ರಲ್ಲಿನಲ್ಲಿ ಆಗಷ್ಟೇ ಓದಿ ಬಂದ ತಾರೀಖೇ ಇಲ್ಲೂ ಕಂಡು ಒಂದು ಕ್ಷಣ ನಿಂತುಬಿಟ್ಟೆ. ನಡುವೆ 44 ವರ್ಷ. ಬರೀ ಕಾಕತಾಳೀಯ, ಆದರೂ ಆ ಪುಟದಲ್ಲಿ ಬರೆದುಕೊಂಡೆ.

ಟ್ರಯಂಫ್ ಬೈಕುಗಳನ್ನು ನೋಡುವಾಗ ಸೀಗ್‌ಫ್ರೀಡ್ ಬೆಟ್‌ಮನ್ ಎಂಬ ಹೆಸರನ್ನು ಗಮನಿಸಿ. ಜರ್ಮನಿಯ ನ್ಯೂರಂಬರ್ಗಿನಿಂದ ಬಂದ ಹುಡುಗ, ಸೈಕಲ್ ಮಾರುತ್ತ ಟ್ರಯಂಫ್ ಕಟ್ಟಿದ, 1913ರಲ್ಲಿ ಕೊವೆಂಟ್ರಿಯ ಮೇಯರ್ ಆದ. ಮರುವರ್ಷ ಯುದ್ಧ ಶುರುವಾದಾಗ ಹುಟ್ಟಿದ ಊರು ಅವನಿಗೆ ಮುಳುವಾಯಿತು. ವಲಸೆ ಬಂದು ಓದುತ್ತಿರುವ ನಾವು ಓದಿಕೊಳ್ಳಬೇಕಾದ ಜೀವನ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಮೇರಿ ರಾಣಿಯ ಡೈಮ್ಲರ್, ಹೊಳೆಯುವ ಜಾಗ್ವಾರುಗಳು, ಹಂಬರ್, ಹಿಲ್‌ಮನ್, ಆಲ್ವಿಸ್ ಇವುಗಳ ಮುಂದೆ ನಾನು ಬೇಗ ಬೇಗ ನಡೆದೆ. ಚಂದ ಇಲ್ಲವೆಂದಲ್ಲ, ನನ್ನ ಪುಟಗಳಲ್ಲಿ ಅವುಗಳಿಗೆ ಜಾಗವಿರಲಿಲ್ಲ.

ಟ್ರ್ಯಾಕ್ಟರಿಗೆ ಇತ್ತು. ಬೂದು ಬಣ್ಣದ, ನಮ್ಮ ಕಣ್ಣಿಗೆ ಆಟಿಕೆಯಂತೆ ಕಾಣುವ ಫರ್ಗ್ಯುಸನ್ ಟಿಇ20. ನಮ್ಮದು ಹಾವೇರಿ ಕಡೆಯ ಹಳ್ಳಿ, ಅಪ್ಪನ ಹತ್ತಿರ ಹಳೆಯ ಕೆಂಪು ಮ್ಯಾಸಿ ಟ್ರ್ಯಾಕ್ಟರ್ ಇದೆ. ಊರಲ್ಲಿ ಆಗ ಸಂಜೆ, ವಿಡಿಯೊ ಕಾಲ್ ಹಚ್ಚಿದೆ.

"ಏನವ್ವಾ, ಊಟ ಆತೇನು?"

"ಆತಪ್ಪಾ. ಇಲ್ಲೊಂದು ನೋಡು."

ಅಪ್ಪ ಮುಂಭಾಗವನ್ನು ಗಮನಿಸಲೇ ಇಲ್ಲ. "ಹಿಂದಕ ಹೋಗು ಬೇ. ಹಿಂದಿಂದು ತೋರಸು. ಕೆಳಗ ಹಿಡಿ ಫೋನ." ಹಿಂದೆ ಹೋಗಿ ಬಗ್ಗಿ ಹಿಡಿದೆ. "ಲಿಫ್ಟಿನ ಕೈ ಎರಡೂ ಅದಾವು. ಮ್ಯಾಲ ಟಾಪ್ ಲಿಂಕ್ ಹಾಕೋದೂ ಐತಿ. ಇದು ನಮ್ಮ ಮ್ಯಾಸಿನ ಐತಲ್ಲ!"

"ಮ್ಯಾಸಿಯ ಮುತ್ತಜ್ಜ ಅಪ್ಪಾ. ಎಪ್ಪತ್ತು ವರ್ಷದ ಮ್ಯಾಲಾತು."

"ಬಣ್ಣ ಅಷ್ಟ ಬ್ಯಾರೆ ನೋಡು. ಪಿನ್ನ ಸವದಿಲ್ಲ, ಹೊಲಾ ಕಂಡಿಲ್ಲೇನೋ ಇದು."

ಎಂಜಿನಿಯರಿಂಗ್ ಓದಿದ ನನಗಿಂತ ಚುರುಕಾಗಿ ಅಪ್ಪ ಗುರುತು ಹಿಡಿದದ್ದು ಅದರ ಪ್ರಾಣವನ್ನೇ. ಹ್ಯಾರಿ ಫರ್ಗ್ಯುಸನ್‌ಗೆ ಮೊದಲು ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಬಂಡಿ ಎಳೆದಂತೆ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕಿಕೊಂಡರೆ ಮುಂಗಾಲಿ ಮೇಲೆದ್ದು ಟ್ರ್ಯಾಕ್ಟರು ಓಡಿಸುವವನ ಮೇಲೇ ಮಗುಚುತ್ತಿತ್ತು. ಫರ್ಗ್ಯುಸನ್ ನೇಗಿಲನ್ನು ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಕಡೆ ಟ್ರ್ಯಾಕ್ಟರಿಗೇ ಕಟ್ಟಿದ. ನೇಗಿಲು ನೆಲ ಸೀಳುವಾಗ ಮೇಲಿನ ಕೊಂಡಿ ಮುಂದಕ್ಕೆ ಒತ್ತುತ್ತದೆ, ಆ ಒತ್ತು ಮುಂಗಾಲಿಯನ್ನು ನೆಲಕ್ಕೆ ಹಿಡಿದಿಡುತ್ತದೆ. ಮಣ್ಣು ಗಟ್ಟಿಯಾಗಿ ಎಳೆತ ಹೆಚ್ಚಿದರೆ ಅದೇ ಕೊಂಡಿ ಹೈಡ್ರಾಲಿಕ್ಕಿಗೆ ಸುಳಿವು ಕೊಟ್ಟು ನೇಗಿಲನ್ನು ತುಸು ಎತ್ತಿಸುತ್ತದೆ. ನೇಗಿಲಿನ ಭಾರವೂ ಹಿಂಗಾಲಿಯ ಮೇಲೆ ಬೀಳುವುದರಿಂದ ಹಗುರ ಟ್ರ್ಯಾಕ್ಟರಿಗೂ ಹಿಡಿತ ಸಿಗುತ್ತದೆ. ಇವತ್ತು ನಮ್ಮ ಹೊಲಗಳಲ್ಲಿ ಓಡುವ ಯಾವ ಕಂಪನಿಯ ಟ್ರ್ಯಾಕ್ಟರ್ ನೋಡಿದರೂ ಹಿಂದೆ ಇದೇ ಮೂರು ಕೊಂಡಿ.

ಈ ಟ್ರ್ಯಾಕ್ಟರನ್ನು ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1946ರಿಂದ 1956ರವರೆಗೆ 5 ಲಕ್ಷಕ್ಕೂ ಮೀರಿ ಮಾಡಿಕೊಟ್ಟಿತು. ಅದೇ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಆಗುತ್ತಿದ್ದದ್ದು ವಿಮಾನದ ಎಂಜಿನ್. ಇನ್ನೊಂದು ತಮಾಷೆಯೆಂದರೆ ಸ್ಟ್ಯಾಂಡರ್ಡಿನವರ ಒಂದೇ ಜಾತಿಯ ಎಂಜಿನ್ ಈ ಟ್ರ್ಯಾಕ್ಟರಿಗೂ, ವ್ಯಾನ್‌ಗಾರ್ಡ್ ಕಾರಿಗೂ, ಟ್ರಯಂಫ್ ಟಿಆರ್2 ಎಂಬ ಸ್ಪೋರ್ಟ್ಸ್ ಕಾರಿಗೂ ಹೋಯಿತು. ಉಳುವ ಎಂಜಿನ್ನಿನ ತಮ್ಮ ರೇಸಿಗೆ ಹೋದ. ಫರ್ಗ್ಯುಸನ್ ಕಂಪನಿ 1953ರಲ್ಲಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು, 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಎಂಬ ಟ್ರ್ಯಾಕ್ಟರ್ ಕಂಪನಿಯ ಮೂಲಕ ಮ್ಯಾಸಿ ಫರ್ಗ್ಯುಸನ್ ನಮ್ಮ ಕಡೆಗೆ ಬಂತು. ಸ್ಟ್ಯಾಂಡರ್ಡ್ ಕಂಪನಿಯೂ ಬಂತು. 60, 70ರ ದಶಕದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಓಡಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಕೊವೆಂಟ್ರಿಯ ಟ್ರಯಂಫ್ ಹೆರಾಲ್ಡೇ ಮದ್ರಾಸಿನಲ್ಲಿ ಜೋಡಣೆಯಾಗಿ ಬಂದದ್ದು.

ಕೊನೆಗೆ ಎಲ್ಲರ ಫೋಟೊದ ಕಪ್ಪು ಕಾರು. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಆಂಡಿ ಗ್ರೀನ್ ಓಡಿಸಿದ ಥ್ರಸ್ಟ್ ಎಸ್‌ಎಸ್‌ಸಿ. ಗಂಟೆಗೆ 763.035 ಮೈಲಿ, ಎಂದರೆ 1,228 ಕಿಲೋಮೀಟರಿನ ಹತ್ತಿರ. ನೆಲದ ಮೇಲೆ ಶಬ್ದದ ವೇಗ ಮೀರಿದ ದಾಖಲೆ ಅದು. ಒಂದು ದಿಕ್ಕಿಗೆ ಓಡಿಸಿದರೆ ಸಾಲದು, ಒಂದು ಗಂಟೆಯೊಳಗೆ ವಾಪಸ್ಸೂ ಓಡಿಸಿ ಸರಾಸರಿ ತೆಗೆಯಬೇಕು. ಇದು ಕೊವೆಂಟ್ರಿಯಲ್ಲಿ ಹುಟ್ಟಿದ ಕಾರಲ್ಲ ಎಂಬುದು ನನ್ನ ಸಣ್ಣ ತಕರಾರು. ಊರಿನ ಕೈಕೆಲಸವೆಲ್ಲ ಹಿಂದಿನ ಕೋಣೆಗಳಲ್ಲಿದ್ದು ಜನ ಓಡಿ ಬರುವುದು ಇದಕ್ಕೆ. ಆದರೆ ಹೊರಗೆ ವಿಟಲ್ ನಿಂತಿದ್ದಾನಲ್ಲ, ಜೆಟ್ ಎಂಜಿನ್ನಿಗೆ ಇಲ್ಲಿ ನಿಲ್ಲುವ ಹಕ್ಕಿದೆ ಎಂದುಕೊಂಡೆ.

ಎರಡು ರೋಲ್ಸ್ ರಾಯ್ಸ್ ಸ್ಪೇ ಎಂಜಿನ್‌ಗಳನ್ನು ನೋಡಿ ಬಾಯಿ ಬಿಡುವವರ ನಡುವೆ ನನ್ನ ಚಕ್ರದ ಪುಟ ತೆರೆದೆ. ಟೈರಿಲ್ಲ. ಅಷ್ಟು ವೇಗದಲ್ಲಿ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವಾಗ ರಬ್ಬರು ಚಿಂದಿಯಾಗುತ್ತದೆ, ಅದಕ್ಕೆ ಗಟ್ಟಿ ಅಲ್ಯೂಮಿನಿಯಂ ಚಕ್ರ. ಸ್ಟಿಯರಿಂಗ್ ತಿರುಗುವುದು ಹಿಂದಿನ ಚಕ್ರಗಳಲ್ಲಿ. ಹಿಂಭಾಗ ಕಿರಿದಾದ್ದರಿಂದ ಎರಡು ಹಿಂಗಾಲಿಗಳು ಅಕ್ಕಪಕ್ಕ ಇಲ್ಲ, ಒಂದು ತುಸು ಮುಂದೆ, ಒಂದು ಹಿಂದೆ. ಇಂಥ ಗಾಡಿ ನೆಟ್ಟಗೆ ಹೋದೀತೇ ಎಂದು ಮೊದಲು ಒಂದು ಮಿನಿ ಕಾರನ್ನು ಹಿಂದಿನಿಂದ ತಿರುಗುವಂತೆ ಬದಲಾಯಿಸಿ ಓಡಿಸಿ ನೋಡಿದ್ದರು. ಗಾಳಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿ, ಅದು ಸರಿಯೇ ಎಂದು ತಿಳಿಯಲು ಮಾದರಿಯನ್ನು ರಾಕೆಟ್ ಕಟ್ಟಿದ ಹಳಿಬಂಡಿಯ ಮೇಲಿಟ್ಟು ಹಾರಿಸಿದರು. ಸಿಎಫ್‌ಡಿ ಎಂಬ ಈ ಕಂಪ್ಯೂಟರ್ ಲೆಕ್ಕದ ಫಲಿತಾಂಶವನ್ನು ಪರೀಕ್ಷೆ ಮಾಡದೆ ನಂಬಬೇಡಿ ಎಂದು ನಮ್ಮ ಮೇಷ್ಟ್ರು ವರ್ಷವಿಡೀ ಹೇಳಿದ್ದು ಇಲ್ಲಿ ಹತ್ತು ಟನ್ನಿನ ರೂಪದಲ್ಲಿ ನಿಂತಿತ್ತು. ಪಕ್ಕದಲ್ಲಿ 1983ರಲ್ಲಿ ರಿಚರ್ಡ್ ನೋಬಲ್ ಗಂಟೆಗೆ 633 ಮೈಲಿ ಓಡಿಸಿದ ಥ್ರಸ್ಟ್2 ಇದೆ. ಪಾಪ, ಅದರ ಮುಂದೆ ಯಾರೂ ಹೆಬ್ಬೆರಳು ಎತ್ತುವುದಿಲ್ಲ.

ಮ್ಯೂಸಿಯಂ ಹೇಳುವುದಕ್ಕಿಂತ ಊರು ನಡೆದಾಡಿದರೆ ಹೆಚ್ಚು ತಿಳಿಯುವ ಸಂಗತಿಯೆಂದರೆ ಇಳಿಗಾಲದ್ದು. ಜಾಗ್ವಾರಿನ ಬ್ರೌನ್ಸ್ ಲೇನಿನಲ್ಲಿ ಕಾರು ಜೋಡಣೆ 2005ರಲ್ಲಿ ನಿಂತಿತು, ಪೆಜೊ ಕಂಪನಿಯ ರೈಟನ್ ಕಾರ್ಖಾನೆ 2006ರಲ್ಲಿ ಮುಚ್ಚಿತು, ಬ್ಯಾನರ್ ಲೇನ್ ಅದಕ್ಕೂ ಮೊದಲೇ ಹೋಗಿತ್ತು. 2008ರಲ್ಲಿ ಟಾಟಾ ಮೋಟರ್ಸ್ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತು. ಅದರ ಮುಖ್ಯ ಕಚೇರಿ ಇರುವುದು ಕೊವೆಂಟ್ರಿಯ ವಿಟ್ಲಿಯಲ್ಲೇ. ಊರಿನಲ್ಲಿ ಈಗ ಕಾರು ಜೋಡಿಸುವುದಕ್ಕಿಂತ ಕಾರಿನ ಬಗ್ಗೆ ಯೋಚಿಸುವ ಕೆಲಸ ಹೆಚ್ಚು: ವಾರಿಕ್ ವಿಶ್ವವಿದ್ಯಾಲಯದ ಆವರಣದಲ್ಲಿ ವಾಹನ ಸಂಶೋಧನಾ ಕೇಂದ್ರ, ಊರ ಹೊರಗೆ ಬ್ಯಾಟರಿ ತಯಾರಿಕೆಯ ಪ್ರಯೋಗ ನಡೆಸುವ ಕೇಂದ್ರ. ನನ್ನ ಎಂ.ಎಸ್ಸಿ. ಪ್ರಾಜೆಕ್ಟೂ ಆ ಕಡೆಯದೇ, ಎರಡು ಹಿಂಗಾಲಿಗೆ ಎರಡು ಬೇರೆ ಮೋಟಾರಿರುವ ಎಲೆಕ್ಟ್ರಿಕ್ ಗಾಡಿಯದು. ಅದರಲ್ಲಿ ಡಿಫರೆನ್ಷಿಯಲ್ ಇರುವುದೇ ಇಲ್ಲ. ತಿರುವಿನಲ್ಲಿ ಯಾವ ಗಾಲಿಗೆ ಎಷ್ಟು ಎಂದು ಹಂಚುವುದು ಸಾಫ್ಟ್‌ವೇರ್. ವರದಿಯ ಮೊದಲ ಅಧ್ಯಾಯಕ್ಕೆ ಸ್ಟಾರ್ಲಿಯ ಟ್ರೈಸಿಕಲ್ಲಿನ ನನ್ನ ವಕ್ರ ಚಿತ್ರವನ್ನು ನೆಟ್ಟಗೆ ಮಾಡಿ ಹಾಕಿಕೊಂಡೆ, ಗೈಡ್ ಬೇಡವೆನ್ನಲಿಲ್ಲ.

ಇಷ್ಟೆಲ್ಲ ಬೇಡ, ಕಾರೇ ನೋಡಬೇಕು ಎನ್ನುವವರಿಗೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಒಳ್ಳೆಯದು. ಅದು ಕೊವೆಂಟ್ರಿಯ ದಕ್ಷಿಣಕ್ಕೆ ಹಳ್ಳಿಗಾಡಿನಲ್ಲಿದೆ, ಅಲ್ಲಿ ರೈಲು ನಿಲ್ದಾಣವಿಲ್ಲ, ನಾಲ್ಕು ಜನ ಸೇರಿ ಬಾಡಿಗೆ ಕಾರು ಮಾಡಿಕೊಂಡರೆ ಗಿಟ್ಟುತ್ತದೆ. ಕೊವೆಂಟ್ರಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗಿ, ಕೆಥೆಡ್ರಲ್ಲಿನ ಸುತ್ತ ಕೂರಲು ಜಾಗವಿದೆ. ಬಿಸಿ ಊಟವೇ ಬೇಕೆಂದರೆ ಫೋಲ್ಸ್‌ಹಿಲ್ ರಸ್ತೆಯ ಕಡೆ ನಡೆಯಿರಿ, ನಮ್ಮವರ ಅಂಗಡಿಗಳು ಸಾಲಾಗಿ ಸಿಗುತ್ತವೆ.